ಕುತ್ಬಾ ಹೊಂಡದ ನೀರು

ಅಫ್ಘನ್ನರ ದುರ್ರಾನಿ ಬಾದಶಹನ ಸೈನ್ಯ ಲಾಹೋರಿನಿಂದ ಎರಡೇ ದಿನಕ್ಕೆ ನಮ್ಮ ಬೆನ್ನಿಗೆ ಬಂದು ಬೀಳುತ್ತದೆಂದು ಯಾರೂ ಎಣಿಸಿರಲಿಲ್ಲ. ಪಂಜಾಬಿನ ಕುಪ್ ಗ್ರಾಮದ ಬಯಲಿನಲ್ಲಿ ಸಿಖ್ಖರು ನಾವು ಬೀಡುಬಿಟ್ಟಿದ್ದೆವು. ಸವಾರರ ಜೊತೆಗೆ ಹೆಂಗಸರು, ಮಕ್ಕಳು, ಮುದುಕರು, ಸಾವಿರಾರು ಗಾಡಿ. ಮಾಘದ ಚಳಿಯಲ್ಲಿ ನಾನು ಒಲೆಗೆ ಬೆರಣಿ ಮುರಿಯುತ್ತಿದ್ದಾಗ ಕಾಲಡಿಯ ನೆಲ ಅದುರಿತು.

ಭಾವ ದರ್ಗಾಹಾ ಸಿಂಗ್ ಕುದುರೆ ಓಡಿಸಿಕೊಂಡು ಬಂದರು. ನನ್ನ ಗಂಡ ಹಿಂದಿನ ವರ್ಷ ಸತ್ಲಜ್ ದಡದಲ್ಲಿ ಮಡಿದಿದ್ದರು. ಅತ್ತೆ ಗುಲಾಬೋಗೆ ಉಳಿದ ಮಗ ಇವರೊಬ್ಬರೇ.

"ಅವ್ವಾ, ಗಾಡಿ ಕಟ್ಟು. ಬರ್ನಾಲಾ ಕಡೆ ನಡೀರಿ. ನೀರಿಲ್ಲದ ಮರಳುನೆಲ ಮುಟ್ಟಿದ್ರೆ ಅವರು ಬರಲ್ಲ, ಉಳ್ಕೋತೀವಿ."

"ನಮ್ಮನ್ನ ಕಾಯೋಕೆ ಎಷ್ಟು ಜನ ಬಂದಿದ್ದೀರೋ?"

"ಸವಾ ಲಕ್ಷ."

ಬಂದಿದ್ದವರು ಅವರೊಬ್ಬರೇ. ನಮ್ಮಲ್ಲಿ ಒಬ್ಬ ಸಿಂಗ್ ಯೋಧನೆಂದರೆ ಒಂದೂಕಾಲು ಲಕ್ಷ ಜನರ ಲೆಕ್ಕ.

ಅತ್ತೆ ಗಾಡಿಗೆ ಎತ್ತು ಹೂಡುತ್ತಲೇ ಅಂದರು, "ಸಾಕು ಬಿಡು. ಪಾಪ, ಬಾದಶಹನಿಗೇ ಜನ ಕಮ್ಮಿ ಬಿದ್ದಾರು."

ಸವಾರರು ನಮ್ಮ ಸುತ್ತ ಕೋಟೆಯಂತೆ ನಿಂತರು. ಆ ಕೋಟೆ ನಡೆಯುತ್ತಿತ್ತು. ಅಫ್ಘನ್ನರು ನುಗ್ಗಿದಾಗ ನಿಲ್ಲುತ್ತಿತ್ತು, ತಿರುಗಿ ಹೊಡೆದಾಡುತ್ತಿತ್ತು, ಮತ್ತೆ ನಡೆಯುತ್ತಿತ್ತು. ಒಬ್ಬ ಬಿದ್ದ ಜಾಗಕ್ಕೆ ಪಕ್ಕದವನು ಸರಿದು ಬರುತ್ತಿದ್ದ. ಒಳಗಿದ್ದ ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಬೆಳಿಗ್ಗೆ ನೀಲಿಯಾಗಿದ್ದ ಅಂಗಿಗಳು ಬಿಸಿಲೇರುವ ಹೊತ್ತಿಗೆ ಯಾವ ಬಣ್ಣದವೆಂದು ಹೇಳಲಾಗುತ್ತಿರಲಿಲ್ಲ.

ಭಾವನ ಕುದುರೆ ಗುಂಡು ತಾಗಿ ಕುಸಿಯಿತು. ಅತ್ತೆ ನಮ್ಮ ಗಿಡ್ಡ ತಟ್ಟುಕುದುರೆಯ ಮೇಲಿದ್ದ ಹಿಟ್ಟಿನ ಮೂಟೆ ಕೆಡವಿ, ತಟ್ಟುವಿನ ಹಗ್ಗವನ್ನು ಅವರ ಕೈಗಿತ್ತರು.

"ಇದರ ಮೇಲಾ? ಕಾಲು ನೆಲಕ್ಕೆ ತಾಗ್ತವಲ್ಲವ್ವ!"

"ತಾಗ್ಲಿ. ಬಿದ್ರೆ ಪೆಟ್ಟಾಗಲ್ಲ. ಹೋಗು."

ಹೋದರು. ಮೂರು ಸಲ ಆ ಕೋಟೆ ಒಡೆಯಿತು. ಒಡೆದಲ್ಲಿ ನಡೆದದ್ದನ್ನು ಹೇಳಲು ನನಗೆ ಬಾಯಿಲ್ಲ. ನಮ್ಮ ಹಿಂದಿನ ಗಾಡಿಯಲ್ಲಿ ಸಾಹಿಬೋ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳಿದ್ದರು. ಮತ್ತೊಮ್ಮೆ ತಿರುಗಿ ನೋಡುವಾಗ ಗಾಡಿಯೇ ಇರಲಿಲ್ಲ. ಪ್ರತಿ ಸಲವೂ ಸವಾರರು ಬಂದು ಆ ಬಿರುಕು ಮುಚ್ಚಿದರು. ಅಷ್ಟು ಜನ ಎಲ್ಲಿಂದ ಬರುತ್ತಿದ್ದರೋ!

ಹೊತ್ತು ಇಳಿಯುವಾಗ ಕುತ್ಬಾ ಗ್ರಾಮದ ಹೊಂಡ ಕಂಡಿತು. ಎತ್ತುಗಳು ತಾವೇ ಓಡಿದವು. ನಾನು ಕೊಡ ಹಿಡಿದು ಮೊಣಕಾಲುದ್ದ ನೀರಿಗಿಳಿದೆ. ತಲೆಯೆತ್ತಿದರೆ ಎದುರು ದಡದ ತುಂಬ ಅಫ್ಘನ್ನರು! ಬೆಳಗಿನಿಂದ ಅವರಿಗೂ ಹನಿ ನೀರು ಸಿಕ್ಕಿರಲಿಲ್ಲ. ಕತ್ತಿಗಳನ್ನು ಕೆಸರಲ್ಲಿ ಊರಿ ಬಾಗಿದ್ದರು. ಈಚೆ ದಡದಲ್ಲಿ ನಮ್ಮವರೂ ಬಾಗಿದ್ದರು. ಯಾರೂ ಕೂಗಲಿಲ್ಲ, ಯಾರೂ ಕತ್ತಿ ಎತ್ತಲಿಲ್ಲ. ಸಾವಿರಾರು ಗಂಟಲುಗಳು ನೀರು ನುಂಗುವ ಸದ್ದೊಂದೇ. ಆಚೆ ದಡದಲ್ಲಿ ಕೈಗೆ ಏಟು ಬಿದ್ದ ನರೆಗಡ್ಡದವನೊಬ್ಬ ಬೊಗಸೆ ಹಿಡಿಯಲಾಗದೆ ಎತ್ತಿನಂತೆ ನೀರಿಗೇ ಬಾಯಿ ಹಾಕಿದ್ದ. ಅವನು ಮುಖವೆತ್ತಿ ನನ್ನನ್ನೇ ನೋಡಿದ.

"ಏನೇ ದೇಸೋ, ನಿಂತೇಬಿಟ್ಟೆ?" ಹಿಂದಿನಿಂದ ಅತ್ತೆಯ ದನಿ. "ಅವನೂ ಕುಡೀಲಿ, ನೀನೂ ತುಂಬ್ಸು. ನೀರೇನು ಅವರಪ್ಪಂದಲ್ಲ. ನಮ್ಮಪ್ಪಂದೂ ಅಲ್ಲ."

ತುಂಬಿಸಿದೆ. ಎರಡು ದಿನ ಓಡಿದ್ದ ಅಫ್ಘನ್ನರ ಕುದುರೆಗಳು ನೀರು ಕುಡಿದು ಅಲ್ಲಲ್ಲೇ ಮಲಗಿಬಿಟ್ಟವು. ಕೆಲವರು ಒಂದಿಷ್ಟು ದೂರ ಬೆನ್ನಟ್ಟಿ ಹಿಂತಿರುಗಿದರು. ನಾವು ನಡೆಯುತ್ತಲೇ ಇದ್ದೆವು, ಪಾದ ಮರಳಿನಲ್ಲಿ ಹೂತುಕೊಳ್ಳುವವರೆಗೆ.

ಅರ್ಧಕ್ಕರ್ಧ ಜನ ಹೋದರೆಂದು ಯಾರೋ ಅಂದರು. ಬಂದವರಲ್ಲಿ ಗಾಯವಿಲ್ಲದ ಸವಾರ ಒಬ್ಬನೂ ಕಾಣಲಿಲ್ಲ. ಭಾವ ಮೈಮೇಲೆ ಏಳು ಗಾಯ ಹೊತ್ತು, ತಟ್ಟುವನ್ನು ಹಿಡಿದುಕೊಂಡು ನಡೆದೇ ಬಂದರು. ನಾನು ಅವರ ಪಗಡಿಯ ಬಟ್ಟೆ ಹರಿದು ಕಟ್ಟುತ್ತಿದ್ದೆ.

ಆಗ ಹೊತ್ತು ಮುಳುಗಿತು. ಎಲ್ಲೋ ಒಬ್ಬರು ಸಂಜೆಯ ಪ್ರಾರ್ಥನೆಯ ಪಾಠ ಶುರುಮಾಡಿದರು. ಎಲ್ಲ ದಿನದ ಅದೇ ಪಾಠ, ಅದೇ ದನಿ. ಇನ್ನೊಂದು ಕಂಠ ಕೂಡಿತು, ಆಮೇಲೆ ಇಡೀ ಬಯಲು. ನಿಂತು ಮಾಡುವ ಕೊನೆಯ ಬೇಡಿಕೆ, ಅರದಾಸಿಗೆ ಎಲ್ಲರೂ ಎದ್ದರು. ಏಳಲಾಗದವರು ಗಾಡಿಯ ಚಕ್ರ ಹಿಡಿದು ಎದ್ದರು. ಸಾಹಿಬೋಳ ತಾಯಿ ಕೈಮುಗಿದು, ಅರದಾಸಿನ ಕೊನೆಯ ಸಾಲಿನಂತೆ, ಜಗದ ಎಲ್ಲರ ಒಳಿತು ಬೇಡುತ್ತಿದ್ದರು. ನನಗೆ ಪದಗಳು ಮರೆತುಹೋದವು. ನಿಂತು ಕೇಳಿದೆ. ಬೆಳಗಿನಿಂದ ಬೆನ್ನುಗಳನ್ನಷ್ಟೇ ಕಂಡಿದ್ದ ನಾನು ಆಗ ಆ ಸವಾರರ ಮುಖಗಳನ್ನು ಕಂಡೆ.