ಬಿಳಿ ಲೈಟೇ ಆಕು

"ಅಕ್ಕಾ, ಇನ್ನೊಂದ್ಸಲ ಯೋಚ್ನೆ ಮಾಡು," ಎಂದ ವೈರಿಂಗ್ ಕೆಲಸದ ಹುಡುಗ ಮಹದೇವ, ಏಣಿಯ ಮೇಲೆ ನಿಂತು ವೈರು ಎಳೆಯುತ್ತ. "ಸೀರೆ ಅಂಗ್ಡಿಗೆ ಅಳದಿ ಲೈಟೇ ಸರಿ. ಸತ್ಯಮಂಗಲದಲ್ಲೂ ಚಾಮರಾಜನಗರದಲ್ಲೂ ಎಲ್ಲಾ ಅದ್ನೇ ಆಕ್ಸಿರಾದು. ನೂಲಿನ್ ಸೀರೆನೂ ರೇಸ್ಮೆ ತರ ಒಳೀತದೆ."

"ಅದುಕ್ಕೇ ಕಣ ಬ್ಯಾಡ ಅಂದುದ್ದು," ಎಂದಳು ಸರೋಜಾ. " ಬಿಳಿ ಲೈಟೇ ಆಕು."

ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಕೊನೆಯ ಮಳಿಗೆ ಅದು. ಮಾರನೆಯ ದಿನ ಅಂಗಡಿ ಪೂಜೆ. ಅರಿಸಿನ ಕೀಳುವ ಕೂಲಿಗೆ ಹೋಗುವ ಕೇರಿಯ ಹೆಂಗಸು ಪೇಟೆಗೆ ಬಂದು ಸೀರೆ ಅಂಗಡಿ ಇಡುವುದೆಂದರೇನು, ಹುಡುಗಾಟವೇ! ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಸರೋಜಾ ಕಿವಿಗೆ ಹಾಕಿಕೊಳ್ಳಲಿಲ್ಲ. ಬೋರ್ಡು, ಬೀರು, ಬಣ್ಣ ಎಲ್ಲದರಲ್ಲೂ ಗಂಡನ ಮಾತಿಗೆ ಹೂಂ ಅಂದವಳು ಲೈಟಿನ ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಅವಳು ಚೊಚ್ಚಲ ಬಸುರಿಯಾಗಿದ್ದಾಗ ಅವ್ವ ಮಾದೇವಮ್ಮ ಮಡಿಲು ತುಂಬಲು ಹಸಿರು ಸೀರೆ ತಂದಿದ್ದಳು. ಅಂಗಡಿಯ ಹಳದಿ ದೀಪದಡಿ ಅದು ಹಸಿರೇ ಆಗಿತ್ತು. ಹೊರಗೆ ಬಿಸಿಲಿಗೆ ಒಯ್ದು ನೋಡುತ್ತೇನೆ ಎಂದದ್ದಕ್ಕೆ ಅಂಗಡಿಯವನು, "ನಿಮ್ಮಂತೋರ್ ಕೈಗೆ ಕೊಟ್ಟು ಬೀದಿಗ್ ಕಳುಸ್ಲಾ?" ಎಂದಿದ್ದ. ಗಂಡನ ಮನೆಯ ಅಂಗಳದಲ್ಲಿ ಬಿಚ್ಚಿ ನೋಡಿದರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಬಸುರಿಗೆ ಕಪ್ಪು ಸೀರೆ! ಸರೋಜಾಳ ಅತ್ತೆ ಅದನ್ನು ಎತ್ತಿ ಎಸೆದಳು. ನೆಂಟರೆಲ್ಲ ನೋಡುತ್ತಿದ್ದಂತೆ ಅವ್ವ ಅದನ್ನು ಬಾಚಿಕೊಂಡು, ಒಂದು ತುತ್ತೂ ಉಣ್ಣದೆ, ನಡೆದೇ ಊರಿಗೆ ಹೋದಳು. ಆ ಹೊಟ್ಟೆಯುರಿ ಸರೋಜಾಳಿಗೆ ಇನ್ನೂ ಆರಿರಲಿಲ್ಲ.

ಅಷ್ಟರಲ್ಲಿ ಮಳಿಗೆಗಳ ಯಜಮಾನ ಸಿದ್ದಮಲ್ಲಪ್ಪ ಬಂದರು. ಪಕ್ಕದ ಎರಡು ಜವಳಿ ಅಂಗಡಿಗಳೂ ಅವರ ಬಾಡಿಗೆಯವೇ.

"ಏನಮ್ಮಿ, ಆಸ್ಪತ್ರೆ ಮಾಡ್ದಂಗೆ ಮಾಡ್ತಿದ್ದಿಯಲ್ಲ! ಪಕ್ಕದೋರು ಬಂದು ನನ್ ಪ್ರಾಣ ತಿಂತಾವ್ರೆ. ನಾಳಿಂದ ಜನ ಅವ್ರಂಗ್ಡಿ ಸೀರೆನೂ ಇಲ್ಲಿಗೆ ತಂದು ಬಣ್ಣ ನೋಡ್ತಾರಂತೆ."

"ತರ್ಲಿ ಬುಡಿ. ನೋಡುದ್ರೆ ನನ್ ಗಂಟೇನ್ ಓದದು?"

"ಎಲ್ಲಾರ್ ಜೊತೆ ಇರ್ಬೇಕು ಅಂದ್ರೆ ಎಲ್ಲಾರಂಗೆ ಇರ್ಬೇಕು ಕಣಮ್ಮಿ. ಆಗ್ದೆ ಓದ್ರೆ ಬೀಗದ್ ಕೈ ಕೊಟ್ಬುಡು. ಮಳಿಗೆ ಕೇಳೋರು ಬೇಕಾದಷ್ಟ್ ಜನ ಅವ್ರೆ."

ಅವ್ವನಾಗಿದ್ದರೆ 'ಬುದ್ದೀ' ಎಂದು ಕೈಮುಗಿದುಬಿಡುತ್ತಿದ್ದಳು. ಸರೋಜಾಳಿಗೂ ಅಳುಕಿತ್ತು, ಸುಳ್ಳೇಕೆ. ಆದರೆ ಕೈ ಮೇಲೇಳಲಿಲ್ಲ.

"ಮಹದೇವ, ಸ್ವಿಚ್ ಆಕು."

ಬೆಳಕು ಬಿತ್ತು. ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ ನಿಂತವು. ಆದರೆ ಆ ಬೆಳಕು ಸರೋಜಾಳನ್ನೂ ಬಿಡಲಿಲ್ಲ. ಅವಳೇ ಆರಿಸಿ ಸಗಟಿಗೆ ತಂದ ಕಟ್ಟಿನಲ್ಲಿ ಒಂದು ಗುಲಾಬಿ ಸೀರೆಯ ಮಡಿಕೆಯುದ್ದಕ್ಕೂ ಬಣ್ಣ ಮಾಸಿದ ಗೆರೆ ಎದ್ದು ಕಾಣಿಸಿತು. ಅದರ ಕೆಳಗಿನದರಲ್ಲೂ ಅದೇ ಗೆರೆ. ತರುವಾಗ ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಸಿದ್ದಮಲ್ಲಪ್ಪ ಹೊಟ್ಟೆ ಹಿಡಿದು ನಕ್ಕರು. "ನೋಡ್ದಾ! ಅಳದಿ ಲೈಟಾಗಿದ್ರೆ ನರಪಿಳ್ಳೆಗೂ ಗೊತ್ತಾಯ್ತಿರ್ಲಿಲ್ಲ. ಇನ್ನ್ ಇದ ಯಾರ್ ತಕ್ಕಂಡಾರು?"

"ಅಕ್ಕಾ, ಆರುಸ್ಲಾ?" ಎಂದ ಮಹದೇವ ಮೆಲ್ಲಗೆ.

ಸರೋಜಾಳಿಗೆ ನಾಚಿಕೆಯಾಯಿತು. ಕಟ್ಟನ್ನೆಲ್ಲ ಎತ್ತಿ ಬೀರುವಿಗೆ ತುರುಕಿಬಿಡೋಣ ಅನ್ನಿಸಿತು. ಆಮೇಲೆ ತನ್ನ ಮೇಲೇ ಸಿಟ್ಟು ಬಂತು.

"ಆರುಸ್ಬ್ಯಾಡ," ಎಂದಳು. ಸಿದ್ದಮಲ್ಲಪ್ಪನವರ ಕಡೆ ತಿರುಗಿದಳು. "ಯಾರೂ ತಕ್ಕಳ್ದಿದ್ರೆ ನಾನೇ ಉಟ್ಕತೀನಿ. ಬೀಗದ್ ಕೈ ಮಾತ್ರ ಕೊಡಕಿಲ್ಲ. ಬೇಕಾದ್ರೆ ಊರ್ ನ್ಯಾಯ ಸೇರ್ಸಿ, ಅಲ್ಲಿಗೂ ಇದ್ನೇ ಉಟ್ಕಂಡು ಬತ್ತೀನಿ."

ಅವರ ನಗು ನಿಂತಿತು. ಸರೋಜಾ ಸ್ಟೂಲು ಹತ್ತಿ, ಆ ಗುಲಾಬಿ ಸೀರೆಯನ್ನು ಬಾಗಿಲಿಗೆ ನೇರವಾಗಿ, ಬಿಳಿ ದೀಪದ ಕೆಳಗೆ ನೇತುಹಾಕಿದಳು. ಮಾಸಿದ ಗೆರೆ ಗೋಡೆಯ ಕಡೆ ಮರೆಯಾಯಿತು. ಅವಳು ಒಂದು ಗಳಿಗೆ ನೋಡಿ, ಸೀರೆಯನ್ನು ಹಿಡಿದು ತಿರುಗಿಸಿ, ಗೆರೆ ಬೀದಿಗೆ ಕಾಣುವಂತೆ ಸರಿಮಾಡಿ ಕೆಳಗಿಳಿದಳು.