ಟ್ರಾಕ್ಟರಿಗೆ ಬುತ್ತಿ

"ಹಂದಿ ಕೊಬ್ ಕುಡ್ಸಿ ಟ್ರಾಕ್ಟರು ಓಡುಸ್ತೀರೇನ್ರೇ, ಬೇವಾರ್ಸಿಗಳಾ! ಅಜೀರ್ಣ ಆಗಿ ನನ್ ಗೇಟ್ ಮುಂದೇನೇ ಬಿದ್ಕಂಡದೆ ನೋಡಿ!"

ಜಮೀನುದಾರ ಬರ್ಬುಲೆಸ್ಕು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಟ್ರೇಲರಿನಲ್ಲಿ ಕುಳಿತ ಕೂಲಿ ಹೆಂಗಸರಿಗೆಲ್ಲ ಮೈ ಉರಿಯಿತು. ಸ್ಟಿಯರಿಂಗ್ ಹಿಡಿದಿದ್ದ ಸಾಫ್ತಾಳಿಗೆ ಇನ್ನೂ ಹೆಚ್ಚು, ಏಕೆಂದರೆ ತಪ್ಪು ಅವಳದೇ.

ಊರಿಗೆ ಇದ್ದದ್ದು ಬರ್ಬುಲೆಸ್ಕುವಿನ ವ್ಯಾನೊಂದೇ. ಅದು ಅವನ ಹೊಲ ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಹಾಗಾಗಿ ಅವನು ಕೊಟ್ಟದ್ದೇ ಕೂಲಿ, ಬೈದದ್ದೇ ಮಾತು. ಹೆಂಗಸರು ಸೇರಿ ಗುಜರಿ ಟ್ರಾಕ್ಟರೊಂದನ್ನು ರಿಪೇರಿ ಮಾಡಿ ಎಬ್ಬಿಸಿದರು. ಬೊಟೊಶಾನಿ ಪೇಟೆಯ ಹೋಟೆಲುಗಳ ಕರಿದೆಣ್ಣೆ ತಂದು ತಾವೇ ಬಯೋಡೀಸೆಲ್ ಮಾಡಿ, ಡೀಸೆಲ್ಲಿಗೆ ಅರ್ಧಕ್ಕರ್ಧ ಬೆರೆಸಿದರು. ಬೇಸಿಗೆಯೆಲ್ಲ ಅದು ಆಲೂಗಡ್ಡೆ ಕರಿದ ವಾಸನೆ ಬೀರುತ್ತಾ ಜಾಮ್ ಜಾಮ್ ಅಂತ ಓಡಿತು.

ಕ್ರಿಸ್ಮಸ್ಸಿಗೆ ಮನೆಮನೆಯಲ್ಲೂ ಹಂದಿ ಕೊಯ್ದರು. ಹೊಸ ಕೊಬ್ಬಿಗೆ ಜಾಗ ಬೇಕೆಂದು ಜಾಡಿಗಳಲ್ಲಿದ್ದ ಹಳೆಯದನ್ನು ಚೆಲ್ಲಹೊರಟಾಗ ಸಾಫ್ತಾಳಿಗೆ ದಂಡವಾಗುತ್ತದಲ್ಲ ಅನ್ನಿಸಿತು. ಅದನ್ನೂ ಬಯೋಡೀಸೆಲ್ ಮಾಡಿಬಿಟ್ಟಳು. ಹಿಮ ಸುರಿದ ಈ ಬೆಳಿಗ್ಗೆ ಅದು ಮೇಣದಂತೆ ಹೆಪ್ಪುಗಟ್ಟಿ ಫಿಲ್ಟರಿನಲ್ಲಿ ಕಟ್ಟಿಕೊಂಡಿತ್ತು. ಪಕ್ಕದೂರಿನ ಕೋಸಿನ ಗೋದಾಮಿನಲ್ಲಿ ಇಂದೇ ಕೆಲಸ ಶುರು. ತಡವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ.

"ಇಳೀರಿ, ಇಳೀರಿ. ನನ್ ಹಂದಿ ಗೂಡು ಬಾಚ್ಬನ್ನಿ," ಎಂದ ಬರ್ಬುಲೆಸ್ಕು.

ಸಾಫ್ತಾಳ ಪಕ್ಕದ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಪಾರಸ್ಕಿವಾ ಇಳಿಯಲು ಕಾಲೆತ್ತಿದಳು. ಸಾಫ್ತಾ ಅವಳ ಲಂಗ ಹಿಡಿದು ಕೂರಿಸಿದಳು.

"ಕುಂತ್ಕಳೇ! ಎಲ್ಲಾರೂ ಬುತ್ತಿ ತೆಗೀರಿ."

"ಈಗ್ಲೇ ಉಣ್ಣದಾ?"

"ನಮಗಲ್ಲ ಕಣೇ, ಟ್ರಾಕ್ಟರಿಗೆ!"

ಬಟ್ಟೆಯಲ್ಲಿ ಸುತ್ತಿದ ಮೆಕ್ಕೆಜೋಳದ ಮುದ್ದೆಗಳು ಇನ್ನೂ ಹಬೆಯಾಡುತ್ತಿದ್ದವು. ಕೂಸಿನ ಹೊಟ್ಟೆಗೆ ಶಾಖ ಕೊಡುವಂತೆ ಅವನ್ನು ಫಿಲ್ಟರಿಗೂ ಪೈಪಿಗೂ ಒತ್ತಿ ಹಿಡಿದರು.

"ಮುದ್ದೆ ತಿಂದು ಟ್ರಾಕ್ಟರು ಓಡ್ತದೇನ್ರೇ?"

"ನಾವ್ ಓಡ್ತಿಲ್ವಾ ಯಜಮಾನ್ರೇ, ಅದ್ರಲ್ಲೇ!" ಎಂದಳು ಪಾರಸ್ಕಿವಾ. ಟ್ರೇಲರ್ ಅಲುಗುವಂತೆ ಎಲ್ಲರೂ ನಕ್ಕರು.

ಮುದ್ದೆ ತಣ್ಣಗಾಯಿತು, ಕೊಬ್ಬು ಕರಗಿತು. ಸಾಫ್ತಾ ಇಂಜಿನ್ನಿಗೆ ಎಣ್ಣೆ ಏರಿಸುವ ಕೈಪಂಪು ಒತ್ತಿ ಕೀಲಿ ತಿರುವಿದಳು. ಇಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಬಿಳಿ ಹೊಗೆ ಉಗುಳಿ ಗುಡುಗಿತು.

ಬರ್ಬುಲೆಸ್ಕುವಿನ ನಗು ನಿಂತಿತು. ಕೈ ಅಗಲಿಸಿ ದಾರಿಗೆ ಅಡ್ಡ ಬಂದ.

"ನಾಳೆ ಕೂಲಿ ಕೇಳ್ಕಂಡು ಬತ್ತೀರಲ್ಲ, ಆಗ ಐತೆ ನಿಮ್ಗೆ!"

ಸಾಫ್ತಾ ಗೇರ್ ಹಾಕಿದಳು. "ಸರೀರಿ ಯಜಮಾನ್ರೇ. ಈ ಮುಂಡೇದಕ್ಕೆ ಬ್ರೇಕು ಸರ್ಯಾಗಿ ಹಿಡಿಯಕಿಲ್ಲ."

ಬರ್ಬುಲೆಸ್ಕು ಚರಂಡಿಯ ಹಿಮಕ್ಕೆ ಹಾರಿದ. ಅವನು ಕೂಲಿಯವರಿಗೆ ದಾರಿ ಬಿಟ್ಟದ್ದನ್ನು ಆ ಊರು ಕಂಡದ್ದು ಅದೇ ಮೊದಲು.