ಡಬ್ಬಿಗೆ ಬಿದ್ದ ಉಸಿರು

ಚಳಿ ಶುರುವಾಗಿ ಎರಡು ತಿಂಗಳಾಗಿತ್ತು. ಗಂಟೆ ಹತ್ತಾದರೂ ತಂಬಾಕು ಒತ್ತುವ ಮನೆಯ ಕಿಟಕಿಗಳಾಚೆ ಮಂಜು ಕದಲಿರಲಿಲ್ಲ. ಒಳಗೆ ಉದ್ದನೆಯ ಬೆಂಚಿನ ಮೇಲೆ ಮೂವರು ಹೆಂಗಸರು ಕೂತು ತಂಬಾಕಿನ ಸೊಪ್ಪಿನ ನಡುದಂಟು ಬಿಡಿಸುತ್ತಿದ್ದರು. ಬಿಸಿಲಿನಲ್ಲಿ ಸೊಪ್ಪು ಪುಡಿಯಾಗುತ್ತದೆ, ಮಳೆಯಲ್ಲಿ ಕೊಳೆಯುತ್ತದೆ. ಹಾಗಾಗಿ ಈ ಕೆಲಸಕ್ಕೆ ಮಂಜಿನ ಕಾಲವೇ ಸರಿ. ಮೇಸ್ತ್ರಿ ಒಂದು ಹಿಡಿ ಸೊಪ್ಪನ್ನು ಮುಷ್ಟಿಯಲ್ಲಿ ಅಮುಕಿ ಕೈ ಬಿಚ್ಚಿದ. ಸೊಪ್ಪು ನಿದ್ದೆಯಿಂದೆದ್ದ ಬೆಕ್ಕಿನ ಹಾಗೆ ನಿಧಾನಕ್ಕೆ ಮೈಮುರಿಯಿತು. ಹದ ಬಂದಿತ್ತು.

ಹದ ಬಂದ ಸೊಪ್ಪನ್ನು ಒಂದರ ಮೇಲೊಂದು ಹಾಸಿ, ಬಟ್ಟೆ ಸುತ್ತಿ, ಎರಡು ದಪ್ಪ ಹಲಗೆಗಳ ನಡುವೆ ಇಟ್ಟು ತಿರುಪು ಬಿಗಿಯಬೇಕು. ದಿನಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ನಲವತ್ತು ದಿನಕ್ಕೆ ಸೊಪ್ಪೆಲ್ಲ ಕೂಡಿ ಒಂದು ಇಟ್ಟಿಗೆಯಾಗುತ್ತದೆ. ಅದನ್ನು ತೆಳ್ಳಗೆ ಸೀಳಿದರೆ ಪೈಪು ಸೇದುವವರು ಹುಡುಕಿಕೊಂಡು ಬರುವ ಪದರು. ಪ್ರತಿ ವರ್ಷದ ಮೊದಲ ಇಟ್ಟಿಗೆಯಿಂದ ಒಂದು ಡಬ್ಬಿ ತುಂಬಿ, ಮುಚ್ಚಳಕ್ಕೆ ಅರಗು ಹಾಕಿ ಗೋಡೆಯ ಹಲಗೆಯ ಮೇಲಿಡುವುದು ಅಲ್ಲಿನ ರೂಢಿ. ಇಪ್ಪತ್ತು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಇಪ್ಪತ್ತು ತುಂಬಿದ ದಿನ, ಡಬ್ಬಿ ಮುಚ್ಚಿದ ಇಬ್ಬರು ಎದುರುಬದುರು ಕೂತು ಒಂದೊಂದು ಪೈಪು ಸೇದಿ ರುಚಿ ಹೇಳಬೇಕು. ಇಬ್ಬರಲ್ಲಿ ಒಬ್ಬ ತೀರಿಹೋಗಿದ್ದರೆ ಅವನ ಪೈಪನ್ನೂ ತುಂಬಿ, ಹಚ್ಚದೆ, ಎದುರಿಗಿಡಬೇಕು.

ಇನ್ನೊಂದು ಕಟ್ಟುಪಾಡೂ ಇತ್ತು. ಮುಚ್ಚಳ ಹಾಕುವಾಗ ಉಸಿರು ಬಿಗಿಹಿಡಿಯಬೇಕು. ಡಬ್ಬಿಗೆ ಉಸಿರು ಬಿದ್ದರೆ ಬೂಷ್ಟು ಹಿಡಿಯುತ್ತದೆ ಎನ್ನುತ್ತಿದ್ದರು ಹಳಬರು. ಬೂಷ್ಟಲ್ಲದೆ ಬೇರೇನಾದರೂ ಆಗುತ್ತದೆಯೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

“ಏನ್ ಮೇಸ್ತ್ರಿ, ಬೆಳಗಿಂದ ಆ ಡಬ್ಬಿನ ಸಾಲ ಕೊಟ್ಟವರನ್ನ ನೋಡಿದ ಹಾಗೆ ಕದ್ದುಕದ್ದು ನೋಡ್ತಿದ್ದೀರಲ್ಲ?” ಎಂದಳು ಬೆಂಚಿನ ತುದಿಯಲ್ಲಿದ್ದ ಗುಬ್ಬಕ್ಕ. ಸಣ್ಣ ಮೈ, ನಿಲ್ಲದ ಬಾಯಿ; ಹೆಸರು ಹಾಗಾಗಿ ಅಂಟಿಕೊಂಡಿತ್ತು.

“ನಿನ್ನ ಕೈ ಬಾಯಿಯಷ್ಟು ಓಡಿದ್ರೆ ಇಷ್ಟೊತ್ತಿಗೆ ಎರಡು ಮೂಟೆ ಮುಗೀತಿತ್ತು.”

“ಎರಡನ್ನೂ ಒಂದೇ ದಾರಕ್ಕೆ ಕಟ್ಟಿದಾರೆ ನಂಗೆ. ಬಾಯಿ ನಿಂತ್ರೆ ಕೈಯೂ ನಿಲ್ಲುತ್ತೆ.”

ಹೆಂಗಸರು ನಕ್ಕರು. ಮೇಸ್ತ್ರಿಗೆ ನಗು ಬರಲಿಲ್ಲ. ಆ ಡಬ್ಬಿಯನ್ನು ಅವನೂ ಅವನ ಹೆಂಡತಿಯ ತಮ್ಮನೂ ಸೇರಿ ಮುಚ್ಚಿದ್ದರು. ಇವತ್ತಿಗೆ ಸರಿಯಾಗಿ ಇಪ್ಪತ್ತು ವರ್ಷ.

ಅವತ್ತು ಬಾಮೈದ ಹಲ್ಲುನೋವಿಗೆ ಲವಂಗ ಅಗಿಯುತ್ತಿದ್ದ. ಮುಚ್ಚಳ ಹಾಕುವ ಹೊತ್ತಿಗೆ ಏನೋ ನೆನೆಸಿಕೊಂಡು ನಕ್ಕುಬಿಟ್ಟ. ನಗುವೆಲ್ಲ ನೆಟ್ಟಗೆ ಡಬ್ಬಿಯೊಳಕ್ಕೆ ಬಿತ್ತು. ಸುರಿದು ಬೇರೆ ತುಂಬಬೇಕಿತ್ತು. ಮೇಸ್ತ್ರಿಗೆ ಮೈಗಳ್ಳತನ. ‘ಯಾರಿಗೆ ಗೊತ್ತಾಗುತ್ತೆ ಬಿಡೋ’ ಎಂದು ಅರಗು ಸುರಿದ. ಸಂಜೆ ಸೊಪ್ಪು ಒಣಗಿಸುವ ಕೋಣೆಯಲ್ಲಿ ಇದ್ದಿಲ ಒಲೆ ಕಾಯುವ ಸರದಿಯೂ ಮೇಸ್ತ್ರಿಯದೇ. ‘ಮೈ ಬಿಸಿ ಇದೆ ಕಣೋ, ಇವತ್ತೊಂದಿನ ನೀನು ಹೋಗು’ ಎಂದ. ಮೈ ಬಿಸಿ ಇರಲಿಲ್ಲ, ಹಾಸಿಗೆ ಬೆಚ್ಚಗಿತ್ತು. ‘ಆಯ್ತು ಭಾವ’ ಎಂದು ಹೋದವನು ಬೆಳಿಗ್ಗೆ ಬಾಗಿಲು ತೆಗೆದಾಗ ಗೋಡೆಗೊರಗಿ ಕೂತಿದ್ದ, ಯಾರದೋ ಮಾತಿಗೆ ಕಿವಿಗೊಟ್ಟವನ ಹಾಗೆ. ಇದ್ದಿಲ ಹೊಗೆ ಅವನ ಉಸಿರು ಕುಡಿದಿತ್ತು.

‘ಒಲೆ ಕಾಯೋದು ಬೇಡ ಅಂದಿದ್ದೆ. ಬೆಚ್ಚಗಿರುತ್ತೆ ಅಂತ ಮಲಗೋಕೆ ಹೋಗಿರಬೇಕು’ ಎಂದಿದ್ದ ಮೇಸ್ತ್ರಿ, ಕೇಳಿದವರಿಗೆಲ್ಲ. ಅತ್ತೆ ‘ನನ್ನ ಮಗ ಸೋಮಾರಿಯಾಗಿ ಸತ್ತ’ ಎನ್ನುತ್ತಲೇ ಕಣ್ಣು ಮುಚ್ಚಿದಳು. ಹೆಂಡತಿ ತಮ್ಮನ ಮೇಲಿನ ಸಿಟ್ಟನ್ನು ಇವತ್ತಿಗೂ ಬಿಟ್ಟಿರಲಿಲ್ಲ. ಅವನ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ನಿಜ ಬಾಯಿಬಿಟ್ಟರೆ ಆ ಸಿಟ್ಟು ಯಾರ ಕಡೆ ತಿರುಗುತ್ತದೆಂದು ಮೇಸ್ತ್ರಿಗೆ ಗೊತ್ತಿತ್ತು.

ಮಂಜಿನ ನೆಪ ಹೇಳಿ ಡಬ್ಬಿ ತೆಗೆಯುವುದನ್ನು ನಾಲ್ಕು ದಿನ ಮುಂದೆ ಹಾಕೋಣವೆಂದು ಅವನು ಲೆಕ್ಕ ಹಾಕುತ್ತಿರುವಾಗಲೇ, ಹೆಂಗಸರು ಊಟಕ್ಕೆ ಏಳುವ ಹೊತ್ತಿಗೆ, ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಮ್ಮನ ಪೈಪು.

“ಅವನ ಕಡೆಯಿಂದ ನಾನು ಕೂರ್ತೀನಿ,” ಎಂದಳು.

“ಅವನ ಮೇಲೆ ನಿಂಗೆ ಕೋಪ ಅಲ್ವಾ?”

“ಕೋಪ ಇದ್ರೇನು, ಒಡಹುಟ್ಟಿದವನಲ್ವಾ? ತೆಗೀರಿ.”

ಹೆಂಗಸರು ಹೋದರು. ಮೇಸ್ತ್ರಿ ಅರಗು ಕೆರೆದು, ಚಾಕುವಿನ ತುದಿಯಿಂದ ಮುಚ್ಚಳ ಮೀಟಿದ. ಡಬ್ಬಿ ಉಸ್ಸೆಂದಿತು. ಗಾಳಿ ಒಳಕ್ಕೆ ನುಗ್ಗಿದ ಸದ್ದು ಅದು, ಎಷ್ಟೋ ಸಲ ಕೇಳಿದ್ದ. ಆದರೆ ಈ ಸಲ ಅದು ಹೊರಕ್ಕೆ ಬಂದಂತಿತ್ತು. ಮುಂಗೈಯ ಕೂದಲು ಅಲುಗಿದವು.

ಬೂಷ್ಟು ಹಿಡಿದಿರಲಿಲ್ಲ. ಪದರುಗಳು ಕಾಡುಜೇನಿನ ಕಪ್ಪಿಗೆ ತಿರುಗಿ, ಮೈತುಂಬ ಉಪ್ಪಿನ ಕಣದಷ್ಟು ಸಣ್ಣ ಬಿಳಿ ಹರಳು ಮೂಡಿದ್ದವು. ಚೆನ್ನಾಗಿ ಹಳತಾದ ಸೊಪ್ಪಿನ ಗುರುತು. ಮೇಸ್ತ್ರಿ ಮೂಗು ಹತ್ತಿರ ಹಿಡಿದ. ಮೊದಲು ಹುಳಿಬಂದ ಹಣ್ಣಿನ ವಾಸನೆ, ಹಿಂದೆಯೇ ಹಳೆಯ ಮರದ ಪೆಟ್ಟಿಗೆಯದು, ಆಮೇಲೆ ಒಣಹುಲ್ಲಿನ ಬಣವೆಯೊಳಗೆ ಕೈಹಾಕಿದರೆ ತಾಗುವ ಕಾವು. ಅವನ ಬದುಕಿನಲ್ಲೇ ಇಂಥ ಡಬ್ಬಿ ಮೂರೋ ನಾಲ್ಕೋ ಸಿಕ್ಕಿದ್ದವು. ಒಂದು ಗಳಿಗೆ ಭಯ ಮರೆತುಹೋಯಿತು. ಎರಡು ಪದರು ತೆಗೆದು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎಳೆಯೆಳೆ ಮಾಡಿ, ತಳದಲ್ಲಿ ಸಡಿಲವಾಗಿ, ಮೇಲೆ ಕೊಂಚ ಬಿಗಿಯಾಗಿ ಎರಡೂ ಪೈಪು ತುಂಬಿದ. ಬಾಮೈದನದನ್ನು ಹೆಂಡತಿಯ ಮುಂದಿಟ್ಟು, ತನ್ನದಕ್ಕೆ ಕಡ್ಡಿ ಗೀರಿದ.

ಈ ಸೊಪ್ಪನ್ನು ಅವಸರದಲ್ಲಿ ಎಳೆದರೆ ನಾಲಿಗೆ ಸುಡುತ್ತದೆ. ಅವನು ಗುಟುಕುಗುಟುಕಾಗಿ ಎಳೆದ. ಹುಲ್ಲಿನ ಸಿಹಿ ಬಂತು, ಅದು ಕರಗಿ ಅಂಜೂರ ಬಂತು, ಅಂಜೂರದಡಿಯಲ್ಲಿ ಒದ್ದೆ ಮಣ್ಣು. ಹೊಗೆ ಬಾಯಲ್ಲಿ ರೇಷ್ಮೆಯ ಹಾಗೆ ಸುತ್ತಿತು.

“ಹೇಗಿದೆ?” ಎಂದಳು.

“ಅವನ ಕೈ ಚೆನ್ನಾಗಿತ್ತು ಕಣೆ.”

“ಕೈ ಚೆನ್ನಾಗಿತ್ತು. ಮೈ ಬಗ್ಗಲಿಲ್ಲ. ಬೆಚ್ಚಗೆ ಮಲಗೋಕೆ ಹೋದ ಅಂತ ನೀವೇ ಅಂದ್ರಲ್ಲ.”

“ಹೂಂ,” ಎಂದ. ಪೈಪು ಆರಿತು.

ಮತ್ತೆ ಹಚ್ಚಿದ. ಈಗ ಅಂಜೂರವಿರಲಿಲ್ಲ. ನಾಲಿಗೆಯ ಬದಿಗೆ ಚುರುಕಾಗಿ ಏನೋ ತಾಗಿತು. ಗುರುತು ಹಿಡಿಯುವಷ್ಟರಲ್ಲಿ ಹೆಂಡತಿ ತಲೆಯೆತ್ತಿದಳು.

“ಲವಂಗ ಹಾಕಿದ್ರಾ ಇದಕ್ಕೆ?”

“ಇಲ್ಲ.”

“ಅವತ್ತು ಅವನಿಗೆ ಹಲ್ಲುನೋವು. ಡಬ್ಬದಿಂದ ನಾನೇ ತೆಕ್ಕೊಟ್ಟಿದ್ದೆ, ನಾಲ್ಕು.” ಅವಳು ತಮ್ಮನ ಪೈಪನ್ನು ಕೈಗೆತ್ತಿಕೊಂಡಳು. “ನೋವಿರೋನು ಮಲಗೋಕೆ ಅಷ್ಟು ದೂರ ಯಾಕೆ ಹೋದ?”

“ಬೆಚ್ಚಗಿರುತ್ತೆ ಅಂತ...”

ಪೈಪು ಆರಿತು. ಮೂರನೆಯ ಕಡ್ಡಿ ಗೀರಿದ. ಸೊಪ್ಪು ಒಣಗಿಯೇ ಇತ್ತು, ಕೊಳವೆ ಕಟ್ಟಿರಲಿಲ್ಲ. ಎಳೆದರೆ ಬಾಯಿಗೆ ಬಂದದ್ದು ಇದ್ದಿಲ ಹೊಗೆ. ಕೆಮ್ಮಿದ. ಆ ಕೆಮ್ಮು ನಿಂತ ಮೇಲೂ ಇನ್ನೊಂದು ಕೆಮ್ಮು ಕೋಣೆಯಲ್ಲಿ ಎಲ್ಲೋ ಮುಗಿಯುತ್ತಿತ್ತು.

“ಇದನ್ನ ಯಾವಾಗ ಹಚ್ಚಿದ್ರಿ?” ಹೆಂಡತಿ ತಮ್ಮನ ಪೈಪನ್ನು ಅಂಗೈಯಲ್ಲಿ ಹಿಡಿದಿದ್ದಳು. “ಬಿಸಿಯಾಗಿದೆ.”

ಅವನು ಬಗ್ಗಿ ನೋಡಿದ. ಮೇಲೆ ಒಂದು ಪದರ ಬೂದಿ ಕೂತಿತ್ತು, ನುರಿತ ಕೈ ಒತ್ತಿಟ್ಟ ಹಾಗೆ ಸಮವಾಗಿ. ತನ್ನ ಪೈಪು ಎಷ್ಟು ಆರಿತ್ತೋ ಅದು ಅಷ್ಟು ಉರಿದಿತ್ತು. ಬಾಮೈದ ಬಡಿದಾಡುವವನಲ್ಲ. ಏನು ಹೇಳಿದರೂ ‘ಆಯ್ತು ಭಾವ’ ಎನ್ನುವವನು. ಇಲ್ಲೂ ಹಾಗೇ ಕೂತಿದ್ದ, ತನ್ನ ಪಾಲಿನದನ್ನು ಸೇದುತ್ತಾ, ಕಾಯುತ್ತಾ.

“ಅವನು ಮಲಗೋಕೆ ಹೋಗಿರಲಿಲ್ಲ,” ಎಂದ ಮೇಸ್ತ್ರಿ. “ಅವತ್ತು ಒಲೆ ಕಾಯೋ ಸರದಿ ನಂದು. ಮೈ ಬಿಸಿ ಇದೆ ಅಂತ ಸುಳ್ಳು ಹೇಳಿ ಅವನನ್ನ ಕಳಿಸಿದೆ. ಸೋಮಾರಿ ನಾನು.”

ಹೊರಗೆ ಮಂಜಿನಲ್ಲಿ ಯಾವುದೋ ಗಾಡಿ ಹೋಯಿತು. ಮೇಸ್ತ್ರಿ ಸುಮ್ಮನೆ ಹಿಡಿದಿದ್ದ ಆರಿದ ಪೈಪಿನಲ್ಲಿ ಕೆಂಡ ತಾನಾಗಿ ಕಣ್ಣುಬಿಟ್ಟಿತು. ಅವನು ಎಳೆದ. ಇದ್ದಿಲಿರಲಿಲ್ಲ, ಲವಂಗವಿರಲಿಲ್ಲ; ಅಂಜೂರ, ಒದ್ದೆ ಮಣ್ಣು, ಕೊನೆಗೆ ಬೇಯುವ ರೊಟ್ಟಿಯಂಥ ಹಿತವಾದ ಸಿಹಿ. ತಳದವರೆಗೂ ಆರದೆ ಉರಿದು ಬಿಳಿ ಬೂದಿಯಾಯಿತು. ಅವಳ ಕೈಯಲ್ಲಿದ್ದ ಪೈಪು ತಣ್ಣಗಾಗಿತ್ತು.

ಹೆಂಡತಿ ಎದ್ದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಉಳಿದ ಪದರುಗಳ ಮೇಲೆ ಬಾಯಿಟ್ಟು ಏನೋ ಹೇಳಿದಳು. ಎರಡು ಮಾತಿರಬಹುದು, ಮೂರಿರಬಹುದು. ಮೇಸ್ತ್ರಿಗೆ ಕೇಳಿಸಿದ್ದು ಉಸಿರು ಮಾತ್ರ. ಮುಚ್ಚಳ ಒತ್ತಿ, “ಅರಗು ಹಾಕಿ,” ಎಂದಳು.

“ಏನಂದೆ?”

“ಅರಗು ಹಾಕಿ.”

ಅವನು ಅರಗು ಕಾಯಿಸಿ ಸುರಿದ. ಅವಳು ಸೀಮೆಸುಣ್ಣದಿಂದ ಇವತ್ತಿನ ತಾರೀಖು ಬರೆದು, ಡಬ್ಬಿಯನ್ನು ಅದು ಇದ್ದಲ್ಲಿಗೇ ಇಟ್ಟು, ತಮ್ಮನ ಪೈಪನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಮೇಸ್ತ್ರಿಗೆ ಆಗ ಅರವತ್ತನಾಲ್ಕು; ಅವಳು ಅಂದದ್ದು ತಿಳಿಯಲು ಇನ್ನು ಇಪ್ಪತ್ತು ವರ್ಷ.

ಹೆಂಗಸರು ಊಟ ಮುಗಿಸಿ ಬಂದರು. ಅವನು ತಿರುಪಿನ ಹಿಡಿಗೆ ಕೈಹಾಕಿ ಆ ದಿನದ ಕಾಲು ಸುತ್ತು ಬಿಗಿಯುತ್ತಿದ್ದ.

“ರುಚಿ ಹೇಗಿತ್ತು ಮೇಸ್ತ್ರಿ?” ಎಂದಳು ಗುಬ್ಬಕ್ಕ.

“ಹೇಳೋಕೆ ಇನ್ನೂ ಟೈಮಿದೆ,” ಎಂದು ಅವನು ಹಲಗೆಯತ್ತ ನೋಡಿದ.